ಗೊತ್ತಿರುವ ಫೈಲುಗಳ ಮೇಡಂ

ಹೋದ ತಿಂಗಳು ನಮ್ಮ ಪಾಲಿಟೆಕ್ನಿಕ್‌ನ ಸೆಮಿನಾರ್ ಹಾಲಿನಲ್ಲಿ ಮೇಡಂ ಅವರ ಸಂತಾಪ ಸಭೆ ಇತ್ತು. ಯಾವುದೋ ಹಳೆಯ ಗುರುತಿನ ಚೀಟಿಯ ಫೋಟೊವನ್ನು ದೊಡ್ಡದು ಮಾಡಿಸಿ, ಸುಗಂಧರಾಜದ ಹಾರ ಹಾಕಿ ಮೇಜಿನ ಮೇಲೆ ನಿಲ್ಲಿಸಿದ್ದರು. ದೊಡ್ಡದು ಮಾಡುವ ಭರದಲ್ಲಿ ಮೂಗು ಬಾಯಿ ಎಲ್ಲ ಕಲಸಿಹೋಗಿತ್ತು; ಹಣೆಯ ವಿಭೂತಿಯೊಂದು ಇಲ್ಲದಿದ್ದರೆ ನನಗೇ ಗುರುತು ಸಿಗುತ್ತಿರಲಿಲ್ಲ. ಹೊಸ ಪ್ರಿನ್ಸಿಪಾಲರು ಮೈಕ್ ಹಿಡಿದು, ಗಂಟಲು ಸರಿಮಾಡಿಕೊಂಡು, "ಇಷ್ಟು ವರ್ಷಗಳ ಸೇವೆಯಲ್ಲಿ ಒಂದೇ ಒಂದು ತಪ್ಪು ಮಾಡದ ವ್ಯಕ್ತಿ" ಎಂದರು. ಈ ಮನುಷ್ಯ ಮೇಡಂ ನಿವೃತ್ತರಾದ ಮೇಲೆ ಕಾಲೇಜಿಗೆ ಬಂದವರು. ಮೇಡಂ ಅವರನ್ನು ಒಂದು ದಿನವೂ ನೋಡಿದವರಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. ಸತ್ತವರ ಬಗ್ಗೆ ಒಳ್ಳೆಯ ಮಾತಾಡಬೇಕು, ಒಪ್ಪಿದೆ. ಆದರೆ ಆ ಹೆಂಗಸು ತನ್ನ ತಪ್ಪನ್ನು ತಲೆಯ ಮೇಲೆ ಹೊತ್ತುಕೊಂಡು ಹಾಡಹಗಲಲ್ಲಿ ಅಗ್ರಹಾರದ ಬೀದಿಯಲ್ಲಿ ಮನೆಮನೆ ತಿರುಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ಹೀಗೆ ಒಂದು ಹಾರ, ಒಂದು ವಾಕ್ಯದಲ್ಲಿ ಒರೆಸಿ ಹಾಕುವುದೆಂದರೆ! ಆ ಸಭೆಯಲ್ಲಿ ಆಮೇಲೆ ಏನಾಯಿತು ಎನ್ನುವುದನ್ನು ಕೊನೆಗೆ ಹೇಳುತ್ತೇನೆ. ಮೊದಲು ಮೇಡಂ ಯಾರು ಅಂತ ಹೇಳಬೇಕು. ಹೆಸರು ಬರೆಯುವುದಿಲ್ಲ. ಬರೆದರೆ ಅವರ ಅತ್ತಿಗೆ ನನ್ನ ಜುಟ್ಟು ಹಿಡಿದು ಜಗಳಕ್ಕೆ ಬರುತ್ತಾರೆ, ಮತ್ತು ಆಕೆಯ ಕೈ ಬಲು ಭಾರ.

ತೊಂಬತ್ತರ ದಶಕದ ನಡುವೆ ನಾನು ಕಂಪ್ಯೂಟರ್ ಲ್ಯಾಬಿಗೆ ಇನ್‌ಸ್ಟ್ರಕ್ಟರ್ ಆಗಿ ಸೇರಿದಾಗ ಮೇಡಂ ಅಲ್ಲಿನ ಮುಖ್ಯಸ್ಥೆ. ನಾನು ಮಂಡಿ ಮೊಹಲ್ಲಾದ ಗಲ್ಲಿಯಲ್ಲಿ ಬೆಳೆದವಳು, ಬಾಯಿ ಸ್ವಲ್ಪ ಜೋರು. ಅವರು ಅಗ್ರಹಾರದವರು, ಮಠದ ಒಡನಾಟದ ಮನೆತನ, ಸೋಮವಾರ ಒಪ್ಪತ್ತು. ಮದುವೆಯಾಗದೆ ಅಣ್ಣನ ಮನೆಯಲ್ಲಿದ್ದರು. ಲ್ಯಾಬಿನ ಹೊರಗೆ ಚಪ್ಪಲಿ ಬಿಡಬೇಕು, ಒಳಗೆ ಪಿಸುಮಾತೂ ಇಲ್ಲ. ಮೊದಲನೆಯ ದಿನ ನಾನೊಂದು ಫ್ಲಾಪಿ ತೆಗೆದುಕೊಂಡು ಹೋದೆ.

"ಏನಮ್ಮ ಅದರಲ್ಲಿ?"

"ಟೈಪಿಂಗ್ ಪ್ರೋಗ್ರಾಂ ಮೇಡಂ."

"ಹೇಗ್ ಗೊತ್ತು?"

"ಮೇಲೆ ಬರ್ದಿದೆಯಲ್ಲ ಮೇಡಂ."

"ಉಪ್ಪಿನ ಡಬ್ಬದ ಮೇಲೆ ಸಕ್ಕರೆ ಅಂತ ಚೀಟಿ ಅಂಟಿಸಿದ್ರೆ ಕಾಫಿಗೆ ಹಾಕ್ತೀಯಾ?"

ಹಾಳಾದವಳು, ಏನು ಬಾಯಿ ಅಂದುಕೊಂಡೆ ಮನಸ್ಸಿನಲ್ಲಿ. ಆಮೇಲೆ ಗೊತ್ತಾಯಿತು, ಈ "ಹೇಗ್ ಗೊತ್ತು" ಅವರ ಬಾಯಲ್ಲಿ ಉಸಿರಿನ ಹಾಗೆ ಬರುತ್ತಿತ್ತು ಎಂದು. ದೇವರಾಜ ಮಾರ್ಕೆಟ್ಟಿನಲ್ಲಿ ವೀಳ್ಯದೆಲೆಯವನು "ನಿನ್ನೆ ತಗೊಂಡ್ರಲ್ಲ ಮೇಡಮ್ಮೋರೆ, ಅದೇ ಮಾಲು" ಅಂದರೆ "ಅದೇ ಅಂತ ಹೇಗಪ್ಪ ಗೊತ್ತು?" ಎಂದು ಕಟ್ಟು ಬಿಚ್ಚಿಸಿ ಒಂದೊಂದೇ ಎಲೆ ತಿರುವಿ ನೋಡುವವರು. ಯೋಚನೆಗೆ ಬಿದ್ದರೆ ಬಲಗೈ ಹೆಬ್ಬೆರಳು ಬೆರಳಿನ ಗೆಣ್ಣುಗಳ ಮೇಲೆ ತಾನೇ ಓಡಾಡುತ್ತಿತ್ತು. ಜಪವೋ ಲೆಕ್ಕವೋ ನಾನು ಯಾವತ್ತೂ ಕೇಳಲಿಲ್ಲ.

ಫೈಲಿನ ಹೆಸರನ್ನು ನಂಬದ ಅವರಿಗೆ ಅದನ್ನು ಗುರುತು ಹಿಡಿಯುವ ಬೇರೆ ದಾರಿ ಗೊತ್ತಿತ್ತು. ಯಾವ ಫೈಲನ್ನೇ ಆಗಲಿ ಒಂದು ವಿಧದ ಲೆಕ್ಕಕ್ಕೆ ಹಾಕಿದರೆ ಕೊನೆಗೆ ಅಂಕಿ ಅಕ್ಷರಗಳ ಒಂದು ಉದ್ದನೆಯ ಸಾಲು ಬರುತ್ತದೆ. ಫೈಲಿನ ಹೆಸರು ಬದಲಿಸಿ, ಜಾಗ ಬದಲಿಸಿ, ಆ ಸಾಲು ಬದಲಾಗುವುದಿಲ್ಲ. ಒಳಗೆ ಒಂದು ಚುಕ್ಕೆ ಬದಲಿಸಿ, ಇಡೀ ಸಾಲೇ ಬೇರೆಯಾಗುತ್ತದೆ. ಪುಸ್ತಕದಲ್ಲಿ ಅದಕ್ಕೆ ಹ್ಯಾಶ್ ಎನ್ನುತ್ತಾರೆ, ಮೇಡಂ ಹೆಬ್ಬೆಟ್ಟು ಎನ್ನುತ್ತಿದ್ದರು. ಲ್ಯಾಬಿನ ಪ್ರತಿಯೊಂದು ಸಾಫ್ಟ್‌ವೇರಿನ ಹೆಬ್ಬೆಟ್ಟೂ ಅವರಲ್ಲಿತ್ತು. ವಾರಕ್ಕೊಮ್ಮೆ ಎಲ್ಲ ಮೆಷಿನ್ನುಗಳನ್ನೂ ಅದಕ್ಕೆ ತಾಳೆ ಹಾಕಿ, ಹುಡುಗರು ಏನಾದರೂ ತಂದು ತುಂಬಿದ್ದರೆ ಕಿವಿ ಹಿಂಡುತ್ತಿದ್ದರು. ಒಂದು ಸಲ ಆಗಿನ ಪ್ರಿನ್ಸಿಪಾಲರ ಕೋಣೆಯ ಕಂಪ್ಯೂಟರನ್ನೂ ತಾಳೆ ಹಾಕಿಬಿಟ್ಟರು. ಸ್ಟಾಫ್ ಮೀಟಿಂಗಿನಲ್ಲಿ ಎಲ್ಲರ ಮುಂದೆ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ, "ಸರ್, ಹಾಜರಾತಿ ಅಂತ ಹೆಸರಿರೋ ಒಂದು ಫೈಲಿದೆ ನಿಮ್ಮಲ್ಲಿ. ಹೆಬ್ಬೆಟ್ಟು ಇಸ್ಪೀಟಿನ ಆಟದ್ದು" ಎಂದರು. ಪಾಪ, ಆ ಮನುಷ್ಯ ಆಮೇಲೆ ಒಂದು ವಾರ ಕಾರಿಡಾರಿನಲ್ಲಿ ತಲೆಯೆತ್ತಲಿಲ್ಲ.

ಎರಡು ಸಾವಿರದ ಹೊತ್ತಿಗೆ ಪೊಲೀಸರು ಬರಲು ಶುರುಮಾಡಿದರು. ಮೈಸೂರಿನಲ್ಲಿ ಆಗ ಕಂಪ್ಯೂಟರ್ ಪರೀಕ್ಷಿಸುವ ಲ್ಯಾಬು ಎಲ್ಲಿತ್ತು? ಒಬ್ಬ ಇನ್ಸ್‌ಪೆಕ್ಟರು ವಶಪಡಿಸಿಕೊಂಡ ಕಂಪ್ಯೂಟರನ್ನು ಆಟೋದಲ್ಲಿ ಹಾಕಿಸಿಕೊಂಡು ಬಂದು, ಪ್ರಿನ್ಸಿಪಾಲರಿಗೆ ಪತ್ರ ಕೊಟ್ಟು, "ಮೇಡಂ, ಇದರೊಳಗೆ ಏನಿದೆ ನೋಡ್ಕೊಡಿ" ಎನ್ನುತ್ತಿದ್ದರು. ಒಂದು ಡಿಸ್ಕಿನಲ್ಲಿ ಫೈಲು ಸಾವಿರ ಸಾವಿರ. ಒಂದೊಂದನ್ನೇ ನೋಡುತ್ತ ಕೂತರೆ ವರ್ಷ ಸಾಲದು. ಅದಕ್ಕೇ ಜರಡಿ ಹಿಡಿಯುವುದು: ಎಲ್ಲರ ಕಂಪ್ಯೂಟರಿನಲ್ಲೂ ಇರುವ, ಹೆಬ್ಬೆಟ್ಟು ಗೊತ್ತಿರುವ ಸಾಫ್ಟ್‌ವೇರ್ ಫೈಲುಗಳನ್ನು ಪಟ್ಟಿಗೆ ತಾಳೆ ಹಾಕಿ ಆಚೆ ತೆಗೆಯುವುದು, ಉಳಿದದ್ದನ್ನು ಮಾತ್ರ ಕೂತು ನೋಡುವುದು. ಹೊರದೇಶದವರು ಮಾಡಿದ ಅಂಥದೊಂದು ದೊಡ್ಡ ಪಟ್ಟಿಯನ್ನು ಮೇಡಂ ಯಾರನ್ನೋ ಕೇಳಿ ತರಿಸಿಕೊಂಡಿದ್ದರು.

ಆದರೆ ಆ ಪಟ್ಟಿಗೆ ನಮ್ಮೂರು ಗೊತ್ತಿರಲಿಲ್ಲ. ನಮ್ಮ ಕಂಪ್ಯೂಟರುಗಳಲ್ಲಿ ಇದ್ದದ್ದು ಕನ್ನಡ ಟೈಪಿಂಗ್ ಸಾಫ್ಟ್‌ವೇರು, ಜಾತಕ ಬರೆಯುವ ಪ್ರೋಗ್ರಾಂ, ಮಂಡಿ ವ್ಯಾಪಾರದ ಲೆಕ್ಕದ ಪ್ರೋಗ್ರಾಂ. ಅವನ್ನು ಹಣ ಕೊಟ್ಟು ಕೊಂಡವರಾದರೂ ಯಾರು? ಎಲ್ಲ ಕಾಪಿ, ಅದೂ ನಕಲು ತಡೆಯಲು ಹಾಕಿದ ಬೀಗ ಮುರಿದ ಕಾಪಿ. ಬೀಗ ಮುರಿದರೆ ಹೆಬ್ಬೆಟ್ಟೂ ಬದಲು. ಹೀಗಾಗಿ ಜರಡಿ ಹಿಡಿದ ಮೇಲೂ ರಾಶಿ ರಾಶಿ ಉಳಿಯುತ್ತಿತ್ತು. ಆಗ ಮೇಡಂ ಒಂದು ಊರಿನ ಪಟ್ಟಿ ಮಾಡಲು ಹೊರಟರು. ಶನಿವಾರ ಮಧ್ಯಾಹ್ನ ನಾವಿಬ್ಬರೂ ದೇವರಾಜ ಮೊಹಲ್ಲಾ, ಮಂಡಿ ಮೊಹಲ್ಲಾ ತಿರುಗಿ, ಕಂಪ್ಯೂಟರ್ ಜೋಡಿಸಿ ಮಾರುವ ಅಂಗಡಿಗಳಲ್ಲಿ, ಡಿ.ಟಿ.ಪಿ. ಸೆಂಟರುಗಳಲ್ಲಿ ಸ್ಟೂಲು ಹಾಕಿಕೊಂಡು ಕೂತು ಹೆಬ್ಬೆಟ್ಟು ತೆಗೆದುಕೊಂಡು ಬರುತ್ತಿದ್ದೆವು. ಅವರೇ ಮಾಡಿಕೊಂಡ ನಿಯಮ ಹೀಗಿತ್ತು: ಒಬ್ಬರಿಗೊಬ್ಬರಿಗೆ ಸಂಬಂಧವಿಲ್ಲದ ಐದು ಅಂಗಡಿಗಳಲ್ಲಿ ಒಂದೇ ಹೆಬ್ಬೆಟ್ಟು ಸಿಕ್ಕರೆ ಅದು ಊರಿನ ಫೈಲು, ಗೊತ್ತಿರುವುದು, ಪಟ್ಟಿಗೆ ಸೇರಿಸಬಹುದು. ಪಟ್ಟಿಗೆ ಸೇರಿದ ಮೇಲೆ ಅದನ್ನು ಮತ್ತೆ ತೆರೆದು ನೋಡುವ ಪ್ರಶ್ನೆಯೇ ಇಲ್ಲ. ವೀಳ್ಯದೆಲೆ ಕಟ್ಟು ಬಿಚ್ಚಿಸುತ್ತಿದ್ದ ಹೆಂಗಸು ಇಲ್ಲಿ ಬಿಚ್ಚಿ ನೋಡಲಿಲ್ಲ.

ಆ ಸುಮಾರಿಗೆ ಒಂದು ಪ್ರವೇಶ ಪರೀಕ್ಷೆಯ ಪ್ರಶ್ನೆಪತ್ರಿಕೆ ಪರೀಕ್ಷೆಗೆ ಮೊದಲೇ ಹೊರಗೆ ಬಂತು. ಯಾವ ಪರೀಕ್ಷೆ ಎಂಬುದು ಇಲ್ಲಿ ಬೇಡ. ಪತ್ರಿಕೆಯನ್ನು ಟೈಪ್ ಮಾಡಿದ್ದು ಅಗ್ರಹಾರದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಡಿ.ಟಿ.ಪಿ. ಇಟ್ಟುಕೊಂಡಿದ್ದ ಪುಟ್ಟಸ್ವಾಮಿ. ಹಳ್ಳಿಯಿಂದ ಬಂದು ಕಲಿತು ಕಣ್ಣು ಮುಚ್ಚಿಕೊಂಡು ಕನ್ನಡ ಟೈಪ್ ಮಾಡುವಷ್ಟು ಪಳಗಿದ್ದವರು. ಮೇಡಂ ಮನೆಯ ಹಿಂದಿನ ಬೀದಿ. ಮೇಡಂ ಅಣ್ಣನ ಮಗಳ ಲಗ್ನಪತ್ರಿಕೆಯೂ ಅವರದ್ದೇ ಕೈ. ಗಿರಾಕಿಗಳಿಗೆ ಪ್ರೂಫ್ ಕಳಿಸಲೆಂದು ಫೋನ್ ಲೈನಿಗೆ ಇಂಟರ್‌ನೆಟ್ ಹಾಕಿಸಿಕೊಂಡಿದ್ದರು. ಪತ್ರಿಕೆ ಆ ಕಂಪ್ಯೂಟರಿನಿಂದಲೇ ಇಂಟರ್‌ನೆಟ್ಟಿನಲ್ಲಿ ಆಚೆ ಹೋಗಿದೆ ಎನ್ನುವುದು ಪೊಲೀಸರಿಗೆ ಖಾತ್ರಿಯಾಗಿತ್ತು. ಪುಟ್ಟಸ್ವಾಮಿ, ತಾನು ಕಳಿಸಿಲ್ಲ, ಪತ್ರಿಕೆ ಆಚೆ ಹೋದ ಮಧ್ಯಾಹ್ನ ಇಂಟರ್‌ನೆಟ್ ಹಾಕಿದ ಮೆಷಿನ್ನನ್ನು ಆರಿಸದೆ ಪ್ರೆಸ್ಸಿಗೆ ಹೋಗಿದ್ದೆ ಎನ್ನುತ್ತಿದ್ದರು. ಹಾಗಾಗಿ ಮೇಡಂ ಮುಂದೆ ಬಂದದ್ದು ಒಂದೇ ಪ್ರಶ್ನೆ: ಹೊರಗಿನವರು ಕೂತಲ್ಲಿಂದಲೇ ಈ ಕಂಪ್ಯೂಟರಿನೊಳಗೆ ಕೈ ಹಾಕುವಂಥ ಪ್ರೋಗ್ರಾಂ ಏನಾದರೂ ಇದರಲ್ಲಿ ಇದೆಯೇ?

ಕಂಪ್ಯೂಟರ್ ತಂದ ದಿನ ಇನ್ಸ್‌ಪೆಕ್ಟರು ಪುಟ್ಟಸ್ವಾಮಿಯನ್ನೂ ಜೊತೆಗೆ ಕರೆತಂದಿದ್ದರು. ಅವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಗೋಡೆಗೆ ಒರಗದೆ ನಿಂತಿದ್ದರು.

"ಮೇಡಮ್ಮೋರೆ, ಇದ್ರಲ್ಲಿ ಏನೋ ಸೇರ್ಕೊಬುಟ್ಟಿದೆ. ಸಿ.ಡಿ. ಇಡೋ ತಟ್ಟೆ ತಾನೇ ಆಚೆಗೆ ಬರ್ತಿತ್ತು, ತಾನೇ ಒಳೀಕೆ ಹೋಗ್ತಿತ್ತು. ನಾನ್ ಮುಟ್ತಾನೇ ಇರ್ಲಿಲ್ಲ."

ಇನ್ಸ್‌ಪೆಕ್ಟರು ನಕ್ಕುಬಿಟ್ಟರು. "ದೆವ್ವಾನೇನ್ರೀ? ಮಂತ್ರವಾದಿ ಹತ್ರ ಹೋಗ್ಬೇಕಿತ್ತು, ಇಲ್ಲಿಗ್ ಯಾಕ್ ಬಂದ್ರಿ?"

ಮೇಡಂ ನಗಲಿಲ್ಲ. ತಟ್ಟೆಯ ಗುಂಡಿಯನ್ನು ಬೆರಳಿನಿಂದ ಒತ್ತಿ ನೋಡಿದರು. ಅದು ಸ್ವಲ್ಪ ಸಡಿಲವಿತ್ತು. "ಗುಂಡಿ ಸಡಿಲ ಆಗಿದೆ ಪುಟ್ಟಸ್ವಾಮಿ, ಅದಕ್ಕೇ" ಎಂದರು. ಆ ಮನುಷ್ಯ ಇನ್ನೇನೋ ಹೇಳಬೇಕೆಂದು ಇದ್ದರು; ಇನ್ಸ್‌ಪೆಕ್ಟರು ಹೊರಡಿಸಿಕೊಂಡು ಹೋದರು.

ಮೇಡಂ ಜರಡಿ ಹಿಡಿದರು. ಹೊರದೇಶದ ಪಟ್ಟಿ ಒಂದು ಸಲ, ಊರಿನ ಪಟ್ಟಿ ಇನ್ನೊಂದು ಸಲ. ಉಳಿದದ್ದನ್ನು ಒಂದೂ ಬಿಡದೆ ತೆರೆದು ನೋಡಿದರು. ಲಗ್ನಪತ್ರಿಕೆ, ತಿಥಿ ಕಾರ್ಡು, ಗೃಹಪ್ರವೇಶದ ಕಾರ್ಡು, ಮಗುವಿನ ಫೋಟೊ. ಕೊನೆಗೆ ಬರೆದುಕೊಟ್ಟರು: ಈ ಗಣಕಯಂತ್ರದಲ್ಲಿ ಅಪರಿಚಿತ ಪ್ರೋಗ್ರಾಂ ಒಂದೂ ಇಲ್ಲ. ಅಷ್ಟೇ. ಆತ ಕಳ್ಳ ಎಂದು ಅವರು ಎಲ್ಲೂ ಬರೆಯಲಿಲ್ಲ. ಬರೆಯಬೇಕಾಗಿಯೂ ಇರಲಿಲ್ಲ.

ಸ್ವಲ್ಪ ದಿನದ ಮೇಲೆ ಪುಟ್ಟಸ್ವಾಮಿಯ ಹೆಂಡತಿ ಸುಮಿತ್ರಾ ಊಟದ ಬಿಡುವಿನಲ್ಲಿ ಲ್ಯಾಬಿನ ಬಾಗಿಲಿಗೆ ಬಂದಳು. ಕಂಕುಳಲ್ಲಿ ಮಗು.

"ಮೇಡಂ, ನೀವೇ ಅಂತೆ ನೋಡಿದ್ದು. ನಮ್ಮನೆಯವರು ಮಾಡಿದ್ರಾ?"

"ಯಾರು ಮಾಡಿದ್ರು ಅಂತ ನಾನು ಹೇಳೋಕಾಗಲ್ಲ ಕಣಮ್ಮ. ಹೊರಗಿನೋರು ಕೈ ಹಾಕೋ ಅಂಥದ್ದು ಅದರಲ್ಲಿ ಏನೂ ಇಲ್ಲ. ಅಷ್ಟು ಹೇಳ್ತೀನಿ."

"ಏನೂ ಇಲ್ವಾ?"

"ಏನೂ ಇಲ್ಲ."

ಅವಳು ಏನೋ ಹೇಳಲು ಬಾಯಿ ತೆರೆದಳು. ಮೇಡಂ ಮುಖ ನೋಡಿ ಸುಮ್ಮನಾದಳು. ಆ ವಾರವೇ ಮಗುವನ್ನು ಎತ್ತಿಕೊಂಡು ಮಂಡಿ ಮೊಹಲ್ಲಾದ ಅಣ್ಣನ ಮನೆಗೆ ಹೋಗಿಬಿಟ್ಟಳೆಂದು ಮೇಡಂ ಅತ್ತಿಗೆಯಿಂದ ತಿಳಿಯಿತು. ಅಗ್ರಹಾರದ ಹೆಂಗಸರೆಲ್ಲ "ಕಂಪ್ಯೂಟ್ರೇ ಹೇಳಿದ್ಮೇಲೆ ಇನ್ನೇನ್ರೀ" ಎನ್ನುತ್ತಿದ್ದರಂತೆ.

ಪುಟ್ಟಸ್ವಾಮಿಗೆ ಜಾಮೀನು ಸಿಕ್ಕಿತು, ಕೆಲಸ ಸಿಗಲಿಲ್ಲ. ಪ್ರಶ್ನೆಪತ್ರಿಕೆ ಹೋಗಲಿ, ನಾಮಕರಣದ ಕಾರ್ಡನ್ನೂ ಯಾರೂ ಅವರ ಕೈಗೆ ಕೊಡಲಿಲ್ಲ. ಮಗುವನ್ನು ನೋಡಲು ಮಂಡಿ ಮೊಹಲ್ಲಾಕ್ಕೆ ಹೋದರೆ ಭಾವಮೈದುನ ಬಾಗಿಲಿಂದಲೇ ಕಳಿಸುತ್ತಿದ್ದನಂತೆ. ನಾನೊಮ್ಮೆ ಅವರನ್ನು ಮಾರ್ಕೆಟ್ಟಿನ ಹತ್ತಿರ ಕಂಡೆ, ಅಂಗಿಯೊಳಗೆ ಮನುಷ್ಯನೇ ಇರಲಿಲ್ಲ. ಕೇಸು ನಡೆಯುತ್ತಿರುವಾಗಲೇ ಕಾಮಾಲೆಯಾಗಿ ದೊಡ್ಡಾಸ್ಪತ್ರೆ ಸೇರಿದರು. ಹಳ್ಳಿಯಿಂದ ತಾಯಿ ಬಂದು ಪಕ್ಕದಲ್ಲಿದ್ದರು. ಸುದ್ದಿ ಮುಟ್ಟಿ ಸುಮಿತ್ರಾ ಬರುವಷ್ಟರಲ್ಲಿ ಮುಖಕ್ಕೆ ಬಟ್ಟೆ ಮುಚ್ಚಿಯಾಗಿತ್ತು. ಆರೋಪಿ ಸತ್ತನೆಂದು ಕೇಸನ್ನೂ ಮುಚ್ಚಿದರು.

ಆಮೇಲೆ ಹತ್ತಿರ ಹತ್ತಿರ ಒಂದು ವರ್ಷ ಕಳೆದಿರಬೇಕು. ಲ್ಯಾಬಿನಲ್ಲಿ ಪ್ರಾಕ್ಟಿಕಲ್ ನಡೆಯುತ್ತಿತ್ತು. ಕಿಟಕಿ ಪಕ್ಕದ ಮೆಷಿನ್ನಿನ ಸಿ.ಡಿ. ತಟ್ಟೆ ಯಾರೂ ಮುಟ್ಟದೆ ಆಚೆ ಬಂತು. ಹಾಗೇ ಒಳಗೆ ಹೋಯಿತು. ಮತ್ತೆ ಬಂತು. ಹುಡುಗಿಯರು ಕಿರುಚಿಕೊಂಡು ನಕ್ಕರು. ಹಿಂದಿನ ಸಾಲಿನ ಒಬ್ಬ ಹುಡುಗ ಏನೂ ಅರಿಯದವನಂತೆ ಪರದೆ ನೋಡುತ್ತಿದ್ದ. ನಾನು ಅವನ ಕಡೆಗೆ ಬೀಸಿ ಹೆಜ್ಜೆ ಹಾಕಿದೆ. ತಿರುಗಿ ನೋಡಿದರೆ ಮೇಡಂ ಆ ತಟ್ಟೆಯ ಮುಂದೆ ನಿಂತಿದ್ದಾರೆ, ಹೆಬ್ಬೆರಳು ಗೆಣ್ಣುಗಳ ಮೇಲೆ ಓಡುತ್ತಿಲ್ಲ. ಕೈ ಹಾಗೇ ನಿಂತುಬಿಟ್ಟಿದೆ.

"ಎಲ್ರೂ ಆಚೆಗೆ ಹೋಗಿ" ಎಂದರು.

ಆ ಹುಡುಗನನ್ನು ಮಾತ್ರ ನಿಲ್ಲಿಸಿಕೊಂಡೆ; ಒಂದೇ ಗದರಿಕೆಗೆ ಬಾಯಿಬಿಟ್ಟ. ಯಾವುದೋ ಆಟದ ಸಿ.ಡಿ.ಯಲ್ಲಿ ಸಿಕ್ಕ ಪ್ರೋಗ್ರಾಂ ಅಂತೆ. ಇದರ ಜೋಡಿ ಫೈಲು ಯಾವ ಮೆಷಿನ್ನಿನಲ್ಲಿ ಇದೆಯೋ ಆ ಮೆಷಿನ್ನನ್ನು ಬೇರೆ ಕಡೆಯಿಂದಲೇ ಆಡಿಸಬಹುದು, ಫೈಲು ತೆಗೆದುಕೊಳ್ಳಬಹುದು. "ತಟ್ಟೆ ತೆಗೆಯೋದು ಸುಮ್ನೆ ತಮಾಷೆಗೆ ಮೇಡಂ" ಎಂದ. ಜೋಡಿ ಫೈಲನ್ನು ನೀನು ಹಾಕಿದೆಯಾ ಎಂದರೆ, ಇಲ್ಲ ಮೇಡಂ, ಅದು ಮೊದಲೇ ಇತ್ತು ಎಂದ.

ಮೇಡಂ ಆ ಮೆಷಿನ್ನಿಗೆ ಜರಡಿ ಹಿಡಿದರು. ಅಪರಿಚಿತ ಫೈಲು ಒಂದೂ ಇಲ್ಲ ಎಂದು ಬಂತು. ಊರಿನ ಪಟ್ಟಿಯನ್ನು ಬಿಟ್ಟು ಮತ್ತೊಮ್ಮೆ ಹಿಡಿದರು. ಈಗ ಅದು ಸಿಕ್ಕಿತು, ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಪಕ್ಕದಲ್ಲೇ, ಸಾಧು ಹೆಸರಿಟ್ಟುಕೊಂಡು ಕೂತಿತ್ತು. ಆ ಸಾಫ್ಟ್‌ವೇರಿನ ಬೀಗ ಮುರಿದ ಪುಣ್ಯಾತ್ಮ ಯಾರೋ ಅದರೊಳಗೆ ಇದನ್ನೂ ಸೇರಿಸಿ ಊರಿಗೆ ಹಂಚಿದ್ದ. ಎಲ್ಲ ಅಂಗಡಿಯವರೂ ಒಬ್ಬರಿಂದೊಬ್ಬರು ಅದೇ ಒಂದು ಸಿ.ಡಿ.ಯನ್ನು ಕಾಪಿ ಮಾಡಿಕೊಂಡಿದ್ದರು; ನಮ್ಮ ಲ್ಯಾಬಿಗೆ ಬಂದದ್ದೂ ಅದೇ. ನಾವು ಐದು ಅಂಗಡಿ ಎಂದು ತಿಳಿದದ್ದು ಒಂದೇ ಸಿ.ಡಿ. ಎಲ್ಲರಲ್ಲೂ ಇದೆ ಎನ್ನುವ ಒಂದೇ ಕಾರಣಕ್ಕೆ ಅದು ಗೊತ್ತಿರುವ ಫೈಲಾಗಿ ಮೇಡಂ ಪಟ್ಟಿಯಲ್ಲಿ ಮರ್ಯಾದೆಯಿಂದ ಕೂತಿತ್ತು.

ಪರೀಕ್ಷೆಗೆ ಬಂದ ಡಿಸ್ಕುಗಳ ಒಂದೊಂದು ಪ್ರತಿಯನ್ನು ಮೇಡಂ ಬೀರುವಿನಲ್ಲಿ ಸೀಲ್ ಮಾಡಿ ಇಡುತ್ತಿದ್ದರು. ಪುಟ್ಟಸ್ವಾಮಿಯದನ್ನು ತೆಗೆದರು. ಅದರಲ್ಲೂ ಅದೇ ಫೈಲು, ಅದೇ ಹೆಬ್ಬೆಟ್ಟು. ಆ ಪ್ರೋಗ್ರಾಂ ತಾನು ಮಾಡಿದ ಕೆಲಸದ ಲೆಕ್ಕವನ್ನು ಬರೀ ಅಂಕಿಗಳಲ್ಲಿ ಬರೆದಿಟ್ಟಿತ್ತು; ಮೊದಲ ಸಲ ಕಸವೆಂದು ಕಂಡದ್ದು ಈಗ ಅರ್ಥವಾಯಿತು. ಪ್ರಶ್ನೆಪತ್ರಿಕೆ ಆಚೆ ಹೋದ ಆ ಮಧ್ಯಾಹ್ನ ಹೊರಗಿನ ಯಾರೋ ಕಂಪ್ಯೂಟರಿನೊಳಗೆ ಬಂದು ಪತ್ರಿಕೆಯ ಫೈಲನ್ನು ತೆಗೆದುಕೊಂಡು ಹೋಗಿದ್ದರು. ಯಾರು ಎನ್ನುವುದು ಆಗಲೂ ಗೊತ್ತಾಗಲಿಲ್ಲ, ಈಗಲೂ ಗೊತ್ತಿಲ್ಲ. ಪುಟ್ಟಸ್ವಾಮಿ ಅಲ್ಲ ಎನ್ನುವುದು ಮಾತ್ರ ಖಚಿತ.

"ತಟ್ಟೆ ಅಂದ್ರು ಕಣೇ. ಬಂದು ನನ್ ಮುಂದೆ ನಿಂತ್ಕೊಂಡು ತಟ್ಟೆ ಅಂದ್ರು. ನಾನು ಗುಂಡಿ ಒತ್ತಿ ನೋಡ್ದೆ" ಎಂದರು ಮೇಡಂ. ಅಷ್ಟು ವರ್ಷದಲ್ಲಿ ನನ್ನನ್ನು ಕಣೇ ಎಂದದ್ದು ಅದೊಂದೇ ಸಲ.

ಇನ್ಸ್‌ಪೆಕ್ಟರು ಕೆಟ್ಟ ಮನುಷ್ಯರೇನಲ್ಲ. "ಬುಡಿ ಮೇಡಂ. ಮನುಷ್ಯನೇ ಹೋದ್ಮೇಲೆ ಕೇಸೆಲ್ಲಿ? ಈಗ ಇದನ್ನ ಎತ್ತಿದ್ರೆ ನೀವು ಕೊಟ್ಟಿರೋ ಬೇರೆ ರಿಪೋರ್ಟುಗಳ ಮೇಲೂ ವಕೀಲರು ಬೀಳ್ತಾರೆ" ಎಂದರು. ಇಸ್ಪೀಟಿನ ಪ್ರಿನ್ಸಿಪಾಲರು ಕಾಲೇಜಿನ ಹೆಸರು, ಕಾಲೇಜಿನ ಹೆಸರು ಎಂದು ಹತ್ತು ಸಲ ಹೇಳಿದರು. ಮೇಡಂ ಎಲ್ಲವನ್ನೂ ಕೇಳಿಸಿಕೊಂಡು, ನಾನು ಕೊಟ್ಟ ವರದಿ ತಪ್ಪು ಎಂದು ಕೋರ್ಟಿಗೂ ಪೊಲೀಸರಿಗೂ ಬರೆದುಕೊಟ್ಟರು. ಮುಚ್ಚಿದ ಕೇಸಿನ ಕಡತಕ್ಕೆ ಕೋರ್ಟಿನವರು ಆ ಕಾಗದವನ್ನೂ ಸೇರಿಸಿ ಕಟ್ಟಿಟ್ಟರು. ಸತ್ತವರನ್ನು ಯಾವ ಕೋರ್ಟೂ ಕರೆದು, ನೀನು ನಿರಪರಾಧಿ, ಹೋಗು ಅನ್ನುವುದಿಲ್ಲವಲ್ಲ.

ಅದಾದ ಮೇಲೆ ನನ್ನನ್ನು ಕರೆದುಕೊಂಡು ಮಂಡಿ ಮೊಹಲ್ಲಾಕ್ಕೆ ಬಂದರು. ಸುಮಿತ್ರಾ ಅಣ್ಣನ ಮನೆಯ ನಡುಮನೆಯಲ್ಲಿ ಕೂತು ಸೀರೆಗೆ ಫಾಲ್ಸ್ ಹೊಲಿಯುತ್ತಿದ್ದಳು. ಮೇಡಂ ಕುರ್ಚಿ ಬೇಡವೆಂದು ಅವಳೆದುರಿಗೆ ನೆಲದ ಮೇಲೆ ಕೂತರು. ಸುತ್ತುಬಳಸಿ ಮಾತಾಡುವುದು ಅವರಿಗೆ ಬರುತ್ತಿರಲಿಲ್ಲ.

"ನಿನ್ನ ಗಂಡ ತಪ್ಪು ಮಾಡಿರ್ಲಿಲ್ಲ ಕಣಮ್ಮ. ತಪ್ಪು ಮಾಡಿದ್ದು ನಾನು. ಒಳಗೆ ಏನೂ ಇಲ್ಲ ಅಂದೆ. ಇತ್ತು. ಅವರು ತಟ್ಟೆ ತಾನೇ ಬರ್ತಿತ್ತು ಅಂದಿದ್ದು ನಿಜ."

ಸುಮಿತ್ರಾ ಸೂಜಿ ನಿಲ್ಲಿಸಲಿಲ್ಲ. ಒಂದು ಸಾಲು ಮುಗಿಯುವ ತನಕ ಹೊಲಿದಳು. ದಾರ ಕಚ್ಚಿ ತುಂಡು ಮಾಡಿ, ಆಮೇಲೆ ಮುಖವೆತ್ತಿದಳು.

"ನಾನೂ ನೋಡಿದ್ದೆ ಮೇಡಂ."

ನಮಗಿಬ್ಬರಿಗೂ ಅರ್ಥವಾಗಲಿಲ್ಲ.

"ಆ ತಟ್ಟೆ. ನಮ್ಮನೆಯವರು ಆಚೆ ಹೋಗಿದ್ರು, ನಾನು ಕಸ ಗುಡಿಸ್ತಿದ್ದೆ. ತಾನೇ ಬಂತು, ತಾನೇ ಹೋಯ್ತು. ಅವತ್ತು ಲ್ಯಾಬ್ ತಾವ ಬಂದಿದ್ದೆನಲ್ಲ, ಅದನ್ನ ಹೇಳಾವ ಅಂತ್ಲೇ ಬಂದಿದ್ದೆ. ನೀವು ಏನೂ ಇಲ್ಲ ಅಂದ್ಬುಟ್ರಿ. ಓದಿದೋರು ಹೇಳ್ತಾವ್ರೆ, ನಾನೇ ಎಂಗೋ ಏನೋ ನೋಡಿರ್ಬೇಕು ಅನ್ಕೊಂಡೆ. ನನ್ ಕಣ್ಣ ಬುಟ್ಟು ನಿಮ್ ಮಾತ್ನ ನಂಬ್ದೆ." ಅವಳ ದನಿ ಏರಲಿಲ್ಲ. "ಅವ್ರು ಮಗೀನ ನೋಡ್ತೀನಿ ಅಂತ ಬಂದಾಗ ನಾನು ಒಳ್ಗೇ ಕೂತಿದ್ದೆ ಮೇಡಂ. ಆಚೆಗೆ ಬರ್ಲಿಲ್ಲ."

ಮೇಡಂ ತಲೆ ತಗ್ಗಿಸಿದರು. ಅವರ ಕಣ್ಣಲ್ಲಿ ನಾನು ನೀರು ನೋಡಿದ್ದು ಅಲ್ಲಿಯೇ. ಕಣ್ಣೊರೆಸಿಕೊಂಡು, "ನಾನೇನ್ ಮಾಡ್ಬೇಕು, ಹೇಳು" ಎಂದರು.

"ನನ್ಗೆ ಹೇಳಿ ಏನ್ ಬಂತು? ಅಗ್ರಹಾರದಲ್ಲಿ ಅವ್ರನ್ನ ಕಳ್ಳ ಅಂದ ಬೀದಿಗೆ ಹೋಗಿ ಹೇಳಿ. ಒಂದ್ ಮನೆ ಬುಡ್ಬೇಡಿ."

ಮುಂದಿನ ಭಾನುವಾರ ಬೆಳಿಗ್ಗೆ ಮೇಡಂ ಆ ಬೀದಿಗೆ ಹೋದರು. ನಾನೂ ಜೊತೆಗಿದ್ದೆ. ನಮ್ಮ ಕಡೆ ಇಬ್ಬರು ಹೆಂಗಸರು ಒಳ್ಳೆಯ ಸೀರೆಯುಟ್ಟು ಬೆಳಿಗ್ಗೆ ಬೆಳಿಗ್ಗೆ ಮನೆಮನೆಯ ಬಾಗಿಲು ತಟ್ಟಿದರೆ ಅದಕ್ಕೆ ಒಂದೇ ಅರ್ಥ, ಶುಭಕಾರ್ಯಕ್ಕೆ ಕರೆಯಲು ಬಂದಿದ್ದಾರೆ ಎಂದು. ಮೊದಲ ಮನೆಯಾಕೆ ಸೆರಗು ಸರಿಮಾಡಿಕೊಂಡು ನಗುತ್ತಾ ಬಂದು, "ಬನ್ನಿ ಬನ್ನಿ, ಕೂತ್ಕೊಳಿ, ಕುಂಕುಮ ತಗೊಳಿ. ಯಾರದು ಮೇಡಂ ಮದುವೆ?" ಎಂದರು.

"ಕರೆಯೋಕೆ ಬಂದಿಲ್ಲ ಕಣ್ರೀ. ಒಂದು ಮಾತು ಹೇಳೋಕೆ ಬಂದೆ. ಪುಟ್ಟಸ್ವಾಮಿ ಪತ್ರಿಕೆ ಕದ್ದಿರ್ಲಿಲ್ಲ. ಅವರ ಕಂಪ್ಯೂಟರ್ ನೋಡಿದ್ದು ನಾನು. ತಪ್ಪಾಗಿ ನೋಡಿದೆ. ತಪ್ಪಾಗಿ ಬರೆದುಕೊಟ್ಟೆ."

ಕುಂಕುಮದ ಭರಣಿ ಹಿಡಿದುಕೊಂಡು ಆಕೆ ಹಾಗೇ ನಿಂತರು. ಮೇಡಂ ಕೈ ಮುಗಿದು ಪಕ್ಕದ ಮನೆಯ ಬಾಗಿಲು ತಟ್ಟಿದರು. ಅಲ್ಲೂ ಅದೇ ನಗು, ಅದೇ ಭರಣಿ, ಅದೇ ಮಾತು. ಹೀಗೆ ಒಂದು ಬದಿಯಿಂದ ಹೋಗಿ ಇನ್ನೊಂದು ಬದಿಯಿಂದ ಬಂದರು. ಕೆಲವರು "ಅಯ್ಯೋ ಶಿವನೇ" ಎಂದರು. ಕೆಲವರು ಕಾಫಿ ಕುಡಿಯಿರಿ ಎಂದರು. ಒಬ್ಬ ಯಜಮಾನರು "ಈಗ ಯಾಕಮ್ಮ ಇದೆಲ್ಲ, ಸತ್ತೋನು ಎದ್ದು ಬರ್ತಾನಾ?" ಎಂದು ರೇಗಿದರು. ಮೇಡಂ ಆ ಮಾತನ್ನೂ ನಿಂತು ಪೂರ್ತಿ ಕೇಳಿಸಿಕೊಂಡರು. ಬೀದಿಯ ಕೊನೆಗೆ ಪುಟ್ಟಸ್ವಾಮಿ ಇದ್ದ ಬಾಡಿಗೆ ಮನೆ. ಅಲ್ಲಿ ಯಾರೋ ಹೊಸಬರು ಬಂದಿದ್ದರು, ಅವರಿಗೆ ಪುಟ್ಟಸ್ವಾಮಿ ಯಾರೆಂದೇ ಗೊತ್ತಿರಲಿಲ್ಲ. ಮೇಡಂ ಅವರಿಗೂ ಮೊದಲಿನಿಂದ ಕೊನೆಯವರೆಗೆ ಹೇಳಿದರು.

ಅವರ ಅತ್ತಿಗೆ ಆಮೇಲೆ ತಿಂಗಳುಗಟ್ಟಲೆ ಮಾತು ಬಿಟ್ಟರು, ಮನೆಯ ಮಾನ ಬೀದಿಗೆ ತಂದಳೆಂದು. ಕಾಲೇಜಿನಲ್ಲಿ ಅವರನ್ನು ಲ್ಯಾಬಿನಿಂದ ತೆಗೆದು ಅಡ್ಮಿಷನ್ ವಿಭಾಗಕ್ಕೆ ಹಾಕಿದರು. ಪೊಲೀಸರು ಮತ್ತೆ ಬರಲಿಲ್ಲ. ಊರಿನ ಪಟ್ಟಿಯನ್ನು ಮೇಡಂ ತಾವೇ ಕೂತು ಅಳಿಸಿದರು, ನಾನು ಪಕ್ಕದಲ್ಲಿದ್ದೆ. ನಿವೃತ್ತಿಯ ತನಕ ಅವರು "ಹೇಗ್ ಗೊತ್ತು" ಎಂದದ್ದನ್ನು ನಾನು ಮತ್ತೆ ಕೇಳಲಿಲ್ಲ. ಯಾರಾದರೂ ಕಂಪ್ಯೂಟರ್ ಕೆಟ್ಟಿದೆ ಎಂದು ಸಲಹೆ ಕೇಳಲು ಬಂದರೆ ಕುರ್ಚಿ ಎಳೆದು ಕೂರಿಸಿ, "ನೀವ್ ಏನ್ ನೋಡಿದ್ರಿ, ಮೊದಲು ಅದನ್ನ ಹೇಳಿ" ಎನ್ನುತ್ತಿದ್ದರು. ಕಡ್ಡಿ ಮುರಿದಂತೆ ಮಾತಾಡುತ್ತಿದ್ದ ಹೆಂಗಸು, ಕಸ ಗುಡಿಸುವ ಮಾದಮ್ಮ ಹೇಳುವುದನ್ನೂ ಮಧ್ಯೆ ಬಾಯಿ ಹಾಕದೆ ಕೇಳುತ್ತಿದ್ದರು. ಅದನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು. ನನಗೆ ಆ ಹಳೆಯ ಜಗಳಗಂಟಿ ಮೇಡಂ ಬೇಕಾಗಿತ್ತು, ನಿಜ ಹೇಳುತ್ತೇನೆ.

ಈಗ ಸಂತಾಪ ಸಭೆಗೆ ಬರುತ್ತೇನೆ. "ಒಂದೇ ಒಂದು ತಪ್ಪು ಮಾಡದ ವ್ಯಕ್ತಿ" ಎಂದು ಪ್ರಿನ್ಸಿಪಾಲರು ಎಂದದ್ದೇ ತಡ, ನಾನು ಜಗಳಕ್ಕೆ ಸೆರಗು ಕಟ್ಟಿ ಏಳುತ್ತಿದ್ದೆ. ಅಷ್ಟರಲ್ಲಿ ಹಿಂದಿನಿಂದ ಒಂದು ಹೆಂಗಸಿನ ದನಿ ಕೇಳಿಸಿತು.

"ಮಾಡಿದ್ರು ಸಾರ್."

ಎಲ್ಲರೂ ತಿರುಗಿದರು. ಕೊನೆಯ ಸಾಲಿನಲ್ಲಿ ಸುಮಿತ್ರಾ ನಿಂತಿದ್ದಳು. ಕೂದಲು ನರೆತಿತ್ತು, ಪಕ್ಕದಲ್ಲಿ ಬೆಳೆದ ಮಗಳು. ಅವಳಿಗೆ ಸುದ್ದಿ ಯಾರು ಮುಟ್ಟಿಸಿದರೋ, ಯಾವಾಗ ಬಂದು ಕೂತಳೋ ನನಗೆ ಗೊತ್ತಿಲ್ಲ. ಯಾರೋ "ಕೂತ್ಕೊಳಮ್ಮ" ಎಂದು ಗದರಿದರು. ಅವಳು ಕೂರಲಿಲ್ಲ. ಮಗಳ ಭುಜದ ಮೇಲೆ ಕೈ ಇಟ್ಟು, ಫೋಟೊವನ್ನೇ ನೋಡುತ್ತ ಹೇಳಿದಳು.

"ಅವ್ರು ತಪ್ಪು ಮಾಡಿದ್ರು. ಮನೆಮನೆಗೂ ಹೋಗಿ ಅವ್ರೇ ಹೇಳಿದ್ರು. ಅದನ್ನ ಇಲ್ಲ ಅನ್ಬೇಡಿ ಸಾರ್, ಕೈ ಮುಗೀತೀನಿ. ಅವ್ರು ತಪ್ಪೇ ಮಾಡಿಲ್ಲ ಅಂದ್ಬುಟ್ರೆ ನಮ್ಮನೆಯವರು ಇನ್ನೊಂದ್ಸಲ ಕಳ್ಳರಾಗ್ತಾರೆ."